ಚಂದ್ರಬಾಯಿಯ ಮೊಣಕಾಲಿಗೆ ಇಡೀ ಬಿಲ್ಡಿಂಗಿನ ಆರೈಕೆ

ಮುಂಬೈ ಬದಿಯ ಡೊಂಬಿವಲಿ ಪೂರ್ವದ ಸಹಜೀವನ ಸೊಸೈಟಿಯ ಅಂಗಳದಲ್ಲಿ ಕತ್ತಲು ಇನ್ನೂ ಪೂರ್ತಿ ಹರಿದಿಲ್ಲ. ಹಾಲಿನ ಕ್ರೇಟುಗಳ ಪಕ್ಕ ವಾಚ್‌ಮನ್ನನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಸಿರು ಸೀರೆಯ ಹೆಂಗಸೊಬ್ಬರು ಕೂತಿದ್ದಾರೆ. ಬಲಗಾಲಿನ ಪಾದದ ಗಂಟಿಗೆ ಹಳೆಯ ಟವೆಲಿನಿಂದ ಅರ್ಧ ಲೀಟರಿನ ಹಾಲಿನ ಥೈಲಿಯೊಂದನ್ನು ಕಟ್ಟಿಕೊಂಡಿದ್ದಾರೆ. ಕಾಲನ್ನು ನಿಧಾನಕ್ಕೆ ಎತ್ತಿ ನೇರ ಮಾಡುತ್ತಾರೆ, ಹಲ್ಲು ಕಚ್ಚಿ ಹಾಗೇ ಹಿಡಿಯುತ್ತಾರೆ, ಇಳಿಸುತ್ತಾರೆ. ಎದುರಿಗೆ ಕೂತ ಬೆಕ್ಕು ಥೈಲಿಯ ಜೊತೆಗೇ ಕತ್ತನ್ನು ಮೇಲೆ ಕೆಳಗೆ ಮಾಡುತ್ತಿದೆ.

"ದವಾಖಾನ್ಯಾಗ ಮರಳಿನ ಚೀಲಾ ಕಟ್ಟತಾರ್ರಿ. ಡೊಂಬಿವಲ್ಯಾಗ ನಾ ಮರಳ ಎಲ್ಲಿ ಹುಡುಕಲಿ? ಹಾಲು ಕೈಯಾಗ ಅದ," ಎನ್ನುತ್ತಾರೆ ಚಂದ್ರಬಾಯಿ. ಯಾರಾದರೂ ತಪ್ಪು ತಿಳಿದಾರೆಂದು ಕೂಡಲೇ ಸೇರಿಸುತ್ತಾರೆ: "ಈ ಥೈಲಿ ಯಾರ ಮನಿಗೂ ಕೊಡಂಗಿಲ್ಲ ಮತ್ತ. ಇದು ನಮ್ಮ ಮನಿ ಚಹಾಕ್ಕ."

ನಲವತ್ತೇಳರ ಚಂದ್ರಬಾಯಿ ಇಂಡಿ ತಾಲೂಕಿನ ಕಡೆಯವರು. ಗಂಡ ಯಂಕಪ್ಪ ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ವಾಚ್‌ಮನ್. ಇವರು ಹದಿನೆಂಟು ವರ್ಷಗಳಿಂದ ಇದೇ ಓಣಿಯ ಮೂರು ಬಿಲ್ಡಿಂಗುಗಳಿಗೆ ಹಾಲು ಹಾಕುತ್ತಿದ್ದಾರೆ. ಒಂದೊಂದಕ್ಕೂ ನಾಲ್ಕು ಮಹಡಿ, ಒಂದಕ್ಕೂ ಲಿಫ್ಟಿಲ್ಲ. ಹಾಲು ತಾನೇ ಮೆಟ್ಟಿಲು ಹತ್ತಿ ಬಂದು ಬಾಗಿಲಿನ ಕೊಕ್ಕೆಗೆ ಜೋತುಬಿದ್ದಿದೆ ಎಂಬಂತೆ ಜನ ಅದನ್ನು ಒಳಗೆ ಎಳೆದುಕೊಂಡು, ಚಹಾ ಕುಡಿದು, ಲೋಕಲ್ ಹಿಡಿಯಲು ಓಡುತ್ತಾರೆ.

ಇಂಥವರ ಮೊಣಕಾಲು ಕೆಟ್ಟರೆ ಮೆಟ್ಟಿಲಿನ ಮೇಲೇ ಕೆಟ್ಟಿರಬೇಕೆಂದು ಯಾರಾದರೂ ಅಂದುಕೊಳ್ಳುತ್ತಾರೆ. ಹಾಗೇನೂ ಆಗಿಲ್ಲ. 2012ರ ಗಣಪತಿ ಹಬ್ಬದಲ್ಲಿ ಅವರಿರುವ ಚಾಳಿನ, ಅಂದರೆ ವಠಾರದ, ಹೆಂಗಸರೆಲ್ಲ ಕೈಕೈ ಹಿಡಿದು ಫುಗಡಿ ಆಡುತ್ತಿದ್ದರು. "ಗರಗರ ತಿರುಗೂ ಮುಂದ ಮೈ ಒಂದ್ ಕಡೆ ಹೋತು, ಕಾಲು ಒಂದ್ ಕಡೆ ಹೋತು. ಮೊಣಕಾಲಿಗೆ ಯಾರ ಹಿಂದ ಹೋಗಬೇಕು ತಿಳೀಲಿಲ್ಲ. ಕೆಲಸದಾಗ ಬಿದ್ದಿದ್ರ ಹೇಳ್ಕೊಳ್ಳಾಕರೆ ಮರ್ಯಾದಿ ಇರ್ತಿತ್ತು," ಎಂದು ಸೆರಗು ಬಾಯಿಗೆ ಹಿಡಿದು ನಗುತ್ತಾರೆ.

ಎಣ್ಣೆ ತಿಕ್ಕಿಕೊಂಡು ಹೇಗೋ ದಿನ ನೂಕಿದರು. ಮುಂದಿನ ಬೇಸಿಗೆಗೆ ಮೊಣಕಾಲು ಮಾವಿನಕಾಯಿಯಷ್ಟು ಊದಿಕೊಂಡಿತು. ಕಲ್ಯಾಣದ ಒಂದು ಟ್ರಸ್ಟ್ ದವಾಖಾನೆಯ ಡಾಕ್ಟರು ಸ್ಕ್ಯಾನ್ ತೆಗೆಸಿ, ಎಲುಬುಗಳ ನಡುವಿನ ಗಾದಿ ಹರಿದಿದೆ ಎಂದರು. ಆಪರೇಷನ್ ಸದ್ಯಕ್ಕೆ ಬೇಡ, ಆದರೆ ಎಪ್ಪತ್ತೆಂಟು ಕಿಲೋದ ಮೈ ದೀಪಾವಳಿಯೊಳಗೆ ಎಪ್ಪತ್ತೆರಡಕ್ಕೆ ಇಳಿಯಬೇಕು. ಇಳಿಯದಿದ್ದರೆ ಮೆಟ್ಟಿಲು ಹತ್ತುವ ಕೆಲಸ ಬಿಡಬೇಕು.

ಅಲ್ಲಿಂದ ಚಂದ್ರಬಾಯಿಯ ತಲೆ ಕೆಟ್ಟಿತು. "ತೂಕಾ ಇಳೀಬೇಕಂದ್ರ ನಡೀಬೇಕು. ನಡದ್ರ ಮೊಣಕಾಲು ಬಾಯ್ತದ. ಬಾತ್ರ ಕೂಡಬೇಕು. ಕೂತ್ರ ತೂಕಾ ಏರ್ತದ. ಹಂಗಾರ ನಾ ನಿಲ್ಲಲೋ, ಕೂಡಲೋ?" ಈ ಪ್ರಶ್ನೆಯನ್ನು ಅವರು ಕೇಳದ ಜನರಿಲ್ಲ. ಕೇಳಿದಷ್ಟೂ ಜನ ಬೇರೆ ಬೇರೆ ಉತ್ತರ ಕೊಟ್ಟರು, ಎಲ್ಲರೂ ಅಷ್ಟೇ ಧೈರ್ಯವಾಗಿ ಕೊಟ್ಟರು.

ಹಾಲಿನ ಏಜೆನ್ಸಿ ನಡೆಸುವ ಹಯಗ್ರೀವರಾಯರು ಒಳ್ಳೆಯ ಮನಸ್ಸಿನವರು. ಸೆಂಟರಿನಲ್ಲಿ ಕೂತು ಕ್ರೇಟು ಎಣಿಸುವ ಕೆಲಸ ಕೊಡುತ್ತೇನೆ ಎಂದರು. ಕೇಳಿದವರೆಲ್ಲ ನಿನ್ನ ನಸೀಬು ತೆರೆಯಿತು ಎಂದರು, ಚಂದ್ರಬಾಯಿ ಮಾತ್ರ ಒಪ್ಪಲಿಲ್ಲ. "ಮೂಲ್ಯಾಗ ಕೂತು ಕ್ರೇಟ ಎಣಿಸಿಕೊಂತ ನಾನೂ ಒಂದು ಕ್ರೇಟ ಆಗ್ತೀನಿ," ಎನ್ನುತ್ತಾರೆ. ಮೆಟ್ಟಿಲು ಬಿಡಬಾರದು, ಅಷ್ಟೇ ಅವರ ಹಟ.

ಅದೇ ದವಾಖಾನೆಯಲ್ಲಿ ವ್ಯಾಯಾಮ ಕಲಿಸುವ ಹುಡುಗಿ ಶ್ರದ್ಧಾ. ಮೂಲ ಕುಂದಾಪುರ, ಹುಟ್ಟಿದ್ದು ನವಿ ಮುಂಬೈಯ ನೆರೂಳಿನಲ್ಲಿ. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಾಳೆ. ಕುರ್ಚಿಯ ಮೇಲೆ ಕೂತೇ ಕಾಲು ಎತ್ತುವುದನ್ನು ಅವಳೇ ಹೇಳಿಕೊಟ್ಟಳು. ಚಂದ್ರಬಾಯಿ ಅನ್ನ ಬಿಟ್ಟರು, ಚಹಾದ ಸಕ್ಕರೆ ಬಿಟ್ಟರು, ಸ್ಟೇಷನ್ ಹೊರಗಿನ ವಡಾಪಾವಿನ ಗಾಡಿ ಬಂದರೆ ಮುಖವನ್ನೇ ಆ ಕಡೆ ತಿರುಗಿಸಿ ನಡೆದರು.

ತಿಂಗಳು ಕಳೆದ ಮೇಲೆ ಡೊಂಬಿವಲಿ ಪ್ಲಾಟ್‌ಫಾರ್ಮಿನ ತೂಕದ ಮಷಿನ್ ಹತ್ತಿದರು. ಬಣ್ಣದ ದೀಪ ಮಿಣಮಿಣ ಅಂದು, ಚಕ್ರ ತಿರುಗಿ, ದಪ್ಪ ಚೀಟಿ ಉದುರಿತು. ತೂಕ ಎಪ್ಪತ್ತೊಂಬತ್ತು. ಚೀಟಿಯ ಹಿಂಬದಿಯ ಭವಿಷ್ಯವನ್ನು ಯಂಕಪ್ಪ ಓದಿ ಹೇಳಿದ: ನಿಮ್ಮ ಶ್ರಮಕ್ಕೆ ಬೇಗ ಫಲ ಸಿಗಲಿದೆ. "ಈ ಮಷಿನ್ ಕೆಟ್ಟದ. ಠಾಣಾದಾಗ ನೋಡೂಣು," ಎಂದ. ಮರುದಿನ ಠಾಣೆಯ ಮಷಿನ್ ಎಂಬತ್ತು ಎಂದಿತು. ಉಪವಾಸ ಮಾಡಿದಷ್ಟೂ ಏರುವ ಮೈ ಇದು ಯಾವ ಮೈ ಎಂದು ಚಂದ್ರಬಾಯಿ ಆ ರಾತ್ರಿ ಅತ್ತರಂತೆ.

ಶ್ರದ್ಧಾಳಿಗೂ ಬಗೆಹರಿಯಲಿಲ್ಲ. "ನಿಜ ಹೇಳಿ ಮಾವಶಿ, ಖರಂ ಸಾಂಗಾ. ದಿನಕ್ಕೆ ಏನೇನು ತಿಂತೀರಿ?" ಎಂದು ಕೇಳಿದಳು.

"ಎರಡು ರೊಟ್ಟಿ, ಪಲ್ಲೆ, ಒಂದೀಟು ಮಜ್ಜಿಗಿ."

"ಬಸ್? ಬೇರೆ ಏನೂ ಇಲ್ಲ?"

"ಇಲ್ಲವ್ವಾ. ಔಷಧ ಬಿಟ್ಟು ಬ್ಯಾರೆ ಏನೂ ಇಲ್ಲ."

"ಔಷಧ? ನಾವು ಔಷಧ ಕೊಟ್ಟೇ ಇಲ್ಲವಲ್ಲ!"

ಔಷಧ ಕೊಡುತ್ತಿದ್ದುದು ಸಹಜೀವನ ಸೊಸೈಟಿ. ಎರಡನೇ ಮಹಡಿಯ ಬೆಂಗಳೂರಿನ ಸಂಯುಕ್ತಾ ಐಟಿ ಕಂಪನಿಯಲ್ಲಿದ್ದಾರೆ. ಲ್ಯಾಪ್‌ಟಾಪ್ ನೋಡಿ ಹಾಲಿಗೆ ಪ್ರೋಟೀನ್ ಪುಡಿ, ಬಾದಾಮಿ ಹಾಕಿ ಕೊಡುತ್ತಿದ್ದರು: "ಇದ್ರಲ್ಲಿ ಕೊಬ್ಬೇ ಇಲ್ಲ ಚಂದ್ರಬಾಯಿ, ಧೈರ್ಯವಾಗಿ ಕುಡೀರಿ." ಮೂರನೇ ಮಹಡಿಯ ನಳಿನಾಕ್ಷಿ ಉಡುಪಿಯವರು, ಗಂಡನದು ವಾಶಿಯಲ್ಲಿ ಹೋಟೆಲು. ಅವರಲ್ಲಿ ತೆಂಗಿನಹಾಲು, ಬೆಲ್ಲ ಹಾಕಿದ ಮೆಂತೆ ಗಂಜಿ: "ಒಂದು ಲೋಟ ಕುಡಿದು ಹೋಗಿ ಮಾರಾಯ್ತಿ, ಗಂಟುನೋವು ಎಲ್ಲ ಎಳ್ಕೊಂಡು ಹೋಗ್ತದೆ." ನಾಲ್ಕನೇ ಮಹಡಿಯಲ್ಲಿ ಬೆಳಗಾವಿ ಕಡೆಯ ಕುಲಕರ್ಣಿ ಆಜಿಯ ಅಂಟಿನುಂಡೆ. ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಖಾರಿಕು ಎಂಬ ಒಣಖರ್ಜೂರ, ಬೆಲ್ಲ, ಮುಷ್ಟಿಯಷ್ಟು ದಪ್ಪ. ಬಾಣಂತಿಯ ಸೊಂಟ ನಿಲ್ಲಿಸಿದ ಉಂಡೆ ಮೊಣಕಾಲನ್ನು ಬಿಟ್ಟೀತೇ ಎಂದು ಚಂದ್ರಬಾಯಿಯೂ ನಂಬಿದ್ದರು. ಮೊಣಕಾಲಿಗೆಂದು ತಿಂದದ್ದು ಮೊಣಕಾಲಿಗೇ ಹೋಗುತ್ತದೆ, ಹೊಟ್ಟೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಖಾತ್ರಿಯಾಗಿದ್ದರಿಂದಲೇ ದಿನವೂ ಮಹಡಿಗೊಂದರಂತೆ ಸೇವಿಸಿದ್ದರು.

ಶ್ರದ್ಧಾ ಮೊದಲು ನಕ್ಕಳು, ಆಮೇಲೆ ಹಣೆ ಹಿಡಿದು ಕೂತಳು. ಎಲ್ಲ ಬಂದ್ ಎಂದಳು. ಹೇಳುವುದು ಸುಲಭ. ಪ್ರೀತಿಯಿಂದ ಕೈಗಿಟ್ಟಿದ್ದನ್ನು ಹೊಳ್ಳಿ ಕೊಡುವುದು ಚಂದ್ರಬಾಯಿಯ ತವರಿನಲ್ಲಿ ಬೈಗುಳಕ್ಕಿಂತ ಕೆಟ್ಟದ್ದು. ಸಂಯುಕ್ತಾ ಕೇಳಿದೊಡನೆ ಒಪ್ಪಿ ಡಬ್ಬಿ ಮುಚ್ಚಿಟ್ಟರು. ನಳಿನಾಕ್ಷಿ ಎರಡು ದಿನ ಮುಖ ಊದಿಸಿಕೊಂಡು ಮೂರನೇ ದಿನ ಸರಿಹೋದರು. ಉಳಿದವರು ಆಜಿ.

ಕುಲಕರ್ಣಿ ಆಜಿಗೆ ಎಪ್ಪತ್ತು ದಾಟಿ ಎಷ್ಟೋ ಆಗಿದೆ. ಅವರ ಎರಡೂ ಮೊಣಕಾಲು ಹೋಗಿ, ಮೆಟ್ಟಿಲು ಇಳಿಯದೆ ವರ್ಷಗಳೇ ಆಗಿವೆ. ಅಂದು ಬೆಳಿಗ್ಗೆಯೂ ಬಾಗಿಲಲ್ಲಿ ಉಂಡೆ ಹಿಡಿದು ನಿಂತಿದ್ದರು.

"ಬ್ಯಾಡ್ರಿ ಆಜಿ. ತೂಕಾ ಏರ್ಲಿಕ್ಕತ್ತದ. ಡಾಕ್ಟರ್ ಬ್ಯಾಡ ಅಂದಾರ," ಎಂದರು ಚಂದ್ರಬಾಯಿ.

"ಅವರಿಗೇನು ತಿಳೀತದ? ನಾ ನಲವತ್ತ ವರ್ಷ ತಿಂದೀನಿ."

"ಹಂಗಾರ ನಿಮ್ಮ ಮೊಣಕಾಲು ಯಾಕ ಹೋದ್ವ್ರಿ ಆಜಿ?"

ಚುಚ್ಚಬೇಕೆಂದು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದು. ಆಜಿ ಕೈಯಲ್ಲಿದ್ದ ಉಂಡೆಯನ್ನು ಹೊಸದಾಗಿ ಕಂಡವರಂತೆ ನೋಡಿದರು. "ಅದೂ ಖರೇನ ಅದ. ನನಗೂ ಗೊತ್ತಿಲ್ಲ ನೋಡು," ಎಂದರು. ಬಾಗಿಲಿಗೆ ಒರಗಿ ಹೇಳಿದರು: "ನಿನ್ನ ಕಾಲು ನಿಂತ್ರ ನನ್ನ ಬಾಗಲಾ ಬಡಿಯೋರು ಯಾರ ಇದ್ದಾರ, ಚಂದ್ರಾ? ಅಂಜಿಕಿ ಬಂತು. ನನಗ ಉಂಡಿ ಕಟ್ಟಲಿಕ್ಕ ಬರ್ತದ, ಅದನ್ನ ಕಟ್ಟಿದೆ." ಚಂದ್ರಬಾಯಿ ಹಾಲಿನ ಚೀಲ ಕೆಳಗಿಟ್ಟು ಹೊಸ್ತಿಲ ಬಳಿಯೇ ಕೂತುಬಿಟ್ಟರು. ಅಂದು ಉಳಿದ ಬಿಲ್ಡಿಂಗುಗಳಿಗೆ ಹಾಲು ತಡವಾಯಿತು.

ಆಜಿಯ ಉಂಡೆಯೂ ನಿಂತ ಮೇಲೆ, ದೀಪಾವಳಿಗೆ ದವಾಖಾನೆಯ ತಕ್ಕಡಿ ಎಪ್ಪತ್ಮೂರು ತೋರಿಸಿದೆ. ಒಂದು ಕಿಲೋ ಇನ್ನೂ ಹಟ ಹಿಡಿದು ಕೂತಿದೆ. ಡಾಕ್ಟರು ಹುಬ್ಬು ಗಂಟಿಕ್ಕಿ ನೋಡಿ, ಸಂಕ್ರಾಂತಿಯವರೆಗೆ ಮೆಟ್ಟಿಲು ಹತ್ತಬಹುದು, ಆದರೆ ಮಹಡಿಗೊಮ್ಮೆ ನಿಂತು ಹತ್ತಬೇಕು ಎಂದಿದ್ದಾರೆ. ಆಮೇಲೆ ಏನೋ ಯಾರಿಗೂ ಗೊತ್ತಿಲ್ಲ. ಹಯಗ್ರೀವರಾಯರ ಸೆಂಟರಿನಲ್ಲಿ ಆ ಕುರ್ಚಿ ಇನ್ನೂ ಖಾಲಿಯೇ ಇದೆ.

ಚಂದ್ರಬಾಯಿ ಚೀಲ ಹೆಗಲಿಗೇರಿಸಿ, ಕಂಬಿ ಹಿಡಿದು, ಮೊದಲ ಮೆಟ್ಟಿಲಿಗೆ ಎಡಗಾಲಿಡುತ್ತಾರೆ. ನಿಲ್ಲುವುದೋ ಕೂಡುವುದೋ, ಯಾರ ಮಾತು ನಿಜವೆಂದು ಈಗ ತಿಳಿಯಿತೇ ಎಂದರೆ ತಲೆಯಾಡಿಸುತ್ತಾರೆ. "ಇಲ್ರಿ, ಇನ್ನೂ ತಿಳಿದಿಲ್ಲ. ಈ ಕಾಲು ಎಷ್ಟ ದಿನ ಬರ್ತದೋ ಅದೂ ತಿಳೀವಲ್ದು. ಕೆಳಗಿನ ಮನಿಗೋಳಿಗೆ ಹಾಲು ಯಾರ ಹಾಕಿದ್ರೂ ನಡೀತದ್ರಿ. ಆದ್ರ ಮ್ಯಾಲ ಆಜಿ, ನನ್ನ ಕಾಲಿನ ಸಪ್ಪಳಕ್ಕ ಏಳ್ತಾರ."