ಪಲ್ಲಡಂ ಆಚೆಯ ಹುಲ್ಲುಗಾವಲಿಗೆ ಹಳದಿ ಬಣ್ಣ

ಚಾಮರಾಜನಗರದಿಂದ ಕೊಯಮತ್ತೂರಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಆಷಾಢದ ಗಾಳಿ ಬೀಸುತ್ತಿತ್ತು. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಇಳಿದು ಬಣ್ಣಾರಿ ತಲುಪುವಷ್ಟರಲ್ಲಿ ಬಸ್ಸಿನ ಅರ್ಧ ಜನರಿಗೆ ತಲೆಸುತ್ತು. ನಾನು ಹೋಗುತ್ತಿದ್ದದ್ದು ಚಿಕ್ಕಮ್ಮ ಮಾರಕ್ಕನ ಊರಿಗೆ. ಅದು ಪಲ್ಲಡಂನಿಂದಲೂ ಆಚೆಗಿರುವ ನನ್ನ ತಾಯಿಯ ತವರು; ಚಿಕ್ಕಮ್ಮನನ್ನು ಅದೇ ಊರೊಳಗೆ ಕೊಟ್ಟಿದ್ದರು. ಅಲ್ಲಿ ಎಷ್ಟೋ ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡಿಕೊಂಡು ಬಂದ ಬೇಸಾಯದ ಕುಟುಂಬಗಳಿವೆ.

ಹಿಂದಿನ ವಾರ ಚಿಕ್ಕಮ್ಮ ಫೋನು ಮಾಡಿದ್ದರು. “ಗೌರಿ, ನಮ್ಮ ಕೊರಂಗಾಡಿಗೆ ಮ್ಯಾಪಲ್ಲಿ ಮಂಜಳ್ ಬಣ್ಣ ಹಾಕವ್ರಂತೆ. ಬ್ಯಾಡ ಅನ್ನೋರು ಮುಂದಿನ ವಾರದೊಳಗೆ ಮನು ಕೊಡ್ಬೇಕಂತೆ. ನಿಂಗೆ ಮ್ಯಾಪು ಗೊತ್ತಲ್ಲ, ಒಂದ್ಸಲ ಬಾ ನನ್ ಕಣ್ಣು.”

ಕೊರಂಗಾಡು ಎಂದರೆ ಸುತ್ತ ಮುಳ್ಳುಬೇಲಿ ಬೆಳೆಸಿ, ನೇಗಿಲು ತಾಗಿಸದೆ, ಹುಲ್ಲಿಗೆಂದೇ ಬಿಟ್ಟ ಹೊಲ. ಮಂಜಳ್ ಎಂದರೆ ಹಳದಿ, ಮನು ಎಂದರೆ ಅರ್ಜಿ. ಊರು ಮುಂದೆ ಹೇಗೆ ಬೆಳೆಯಬೇಕೆಂದು ಸರ್ಕಾರ ಬರೆಸುವ ನಕ್ಷೆಯಲ್ಲಿ ಹಳದಿ ಎಂದರೆ ಮನೆಗಳು, ಹಸಿರು ಎಂದರೆ ಬೇಸಾಯ. ಇದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ನಿವೃತ್ತಿಯಾಗುವವರೆಗೂ ನಾನು ಒಂದು ನಗರ ಯೋಜನಾ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ.

ಸತ್ಯಮಂಗಲ ದಾಟಿ ಅನ್ನೂರು ಬರುತ್ತಿದ್ದಂತೆ ರಸ್ತೆಯ ಎರಡೂ ಬದಿಗೆ ಬಡಾವಣೆಗಳು ಶುರುವಾದವು. ದೊಡ್ಡ ಕಮಾನು, ಬಣ್ಣದ ಬಾವುಟಗಳು, ಒಳಗೆ ಡಾಂಬರು ರಸ್ತೆ, ಸಾಲಾಗಿ ನೆಟ್ಟ ಕಲ್ಲುಗಳು. ಮನೆಗಳು ಮಾತ್ರ ಕಾಣಲಿಲ್ಲ. ಕೊಯಮತ್ತೂರಿನ ಗಾಂಧಿಪುರದಲ್ಲಿ ಇಳಿದು ಅನ್ನ, ಸಾರು, ಬೀಟ್ರೂಟ್ ಪಲ್ಯ ಉಂಡು, ಸಿಂಗಾನಲ್ಲೂರಿಗೆ ಹೋಗಿ ಪಲ್ಲಡಂ ಬಸ್ಸು ಹಿಡಿದೆ. ಸೂಲೂರು ಕಳೆದ ಮೇಲೆ ಗಾಳಿಯಂತ್ರಗಳು ಕಂಡವು. ಕೋಳಿ ತುಂಬಿದ ಲಾರಿಯೊಂದು ನಮ್ಮನ್ನು ಹಿಂದೆ ಹಾಕಿತು. ಕೋಳಿಗಳ ಪುಕ್ಕಗಳು ಕಿಟಕಿಯಿಂದ ಒಳಬಂದು ನನ್ನ ಸೀರೆಗೆ ಅಂಟಿಕೊಂಡವು.

ಪಲ್ಲಡಂ ನಿಲ್ದಾಣಕ್ಕೆ ಚಿಕ್ಕಮ್ಮನ ಒಬ್ಬಳೇ ಮಗಳು ಸರಸು ಬಂದಿದ್ದಳು. ಅವಳು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಅವಳ ಗಂಡ ಪಲ್ಲಡಂನಲ್ಲೇ ಪವರ್‌ಲೂಮ್ ಓಡಿಸುತ್ತಾನೆ. ಅವಳ ಮನೆ ಮಗ್ಗದ ಶೆಡ್ಡಿನ ಹಿಂದಿನ ಸಾಲಿನಲ್ಲಿತ್ತು. ಎಂಟು ಬಾಗಿಲು, ಎಲ್ಲರಿಗೂ ಸೇರಿ ಒಂದು ನಲ್ಲಿ. ಒಳಗೆ ಒಂದೇ ಕೋಣೆ. ಅದರಲ್ಲಿ ಗಂಡ, ಹೆಂಡತಿ, ಬೆಳೆದ ಇಬ್ಬರು ಹೆಣ್ಣುಮಕ್ಕಳು. ಮಗ್ಗಗಳ ಸದ್ದಿಗೆ ಗೋಡೆ ಸಣ್ಣಗೆ ನಡುಗುತ್ತಲೇ ಇತ್ತು. ಸರಸು ಕಾಫಿ ಕೊಟ್ಟು ಎದುರಿಗೆ ಕುಳಿತಳು.

“ಅಕ್ಕ, ನೀನು ಅವ್ವನ ಪರವಾಗಿ ಬರಿಯಾಕೆ ಬಂದಿದೀಯ. ನಾನೂ ಒಂದು ಮನು ಬರ್ಸಿದೀನಿ. ಮುಂಚೇನೇ ಹೇಳ್ಬಿಡ್ತೀನಿ.”

“ಏನಂತ?”

“ಮಂಜಳ್ ಇರ್ಲಿ ಅಂತ. ಪಚ್ಚೆ ಹಾಕಿದ್ರೆ ಅಲ್ಲಿ ಮನೆ ಕಟ್ಟಾಕೆ ಅನುಮತಿ ಕೊಡಲ್ಲ. ಹುಡ್ಗೀರು ಬಟ್ಟೆ ಬದ್ಲಾಯ್ಸೋವಾಗ ಅವರಪ್ಪ ಬೀದೀಲಿ ನಿಂತ್ಕೋತಾರೆ. ವಾಡಗೆ ಮನೆ ಇದು ಐದನೇದು. ನಾನು ಕುರಿ ಬ್ಯಾಡ ಅಂತ ಹೇಳ್ತಿಲ್ಲ. ನಂಗೆ ನಂದೇ ಒಂದು ವೀಡು, ಒಂದು ಮನೆ ಬೇಕು, ಅಷ್ಟೇ.”

ಅವಳು ದನಿ ಎತ್ತರಿಸಿ ಹೇಳಲಿಲ್ಲ. ಸಂಜೆಯ ಟೌನ್ ಬಸ್ಸು ಹತ್ತಿಸಿ ಅವಳು ಹಿಂತಿರುಗಿದಳು. ಈ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲ. ಕಂಡಕ್ಟರು ಸುಮ್ಮನೆ ಚೀಟಿ ಹರಿದು ಕೈಗಿಟ್ಟ.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಕುರಿಗಳೊಂದಿಗೆ ನನ್ನನ್ನೂ ಕೊರಂಗಾಡಿಗೆ ಕರೆದುಕೊಂಡು ಹೋದರು. ಎಪ್ಪತ್ತರ ಹತ್ತಿರದ ವಯಸ್ಸು, ನಡಿಗೆ ನನಗಿಂತ ಚುರುಕು. ಬೇಲಿಯನ್ನು ಅವರ ಮಾವನ ಕಾಲದಲ್ಲಿ ನೆಟ್ಟದ್ದಂತೆ. ಈಗ ಅದು ಆಳೆತ್ತರ, ನಾಯಿಯೂ ನುಸುಳದಷ್ಟು ದಟ್ಟ. ಒಳಗೆ ಮೊಣಕಾಲಿಗೆ ಬರುವ ಹುಲ್ಲು, ಅಲ್ಲಲ್ಲಿ ಬಿಳಿಜಾಲಿ ಮರಗಳು. ಕುರಿಗಳು ಗಾಳಿಗೆ ಬೆನ್ನು ಕೊಟ್ಟು ಮೇಯತೊಡಗಿದವು.

ಪಕ್ಕದ ಕೊರಂಗಾಡನ್ನು ಅದರ ಒಡೆಯರು ಹೋದ ವರ್ಷವೇ ಮಾರಿದ್ದರು. ಜೆಸಿಬಿಯಲ್ಲಿ ಬೇಲಿ ಕಿತ್ತು, ಮರ ಉರುಳಿಸಿ, ನಿವೇಶನ ಮಾಡಿದ್ದರು. ಕಲ್ಲುಗಳ ನಡುವೆ ಕಳ್ಳಿ, ಗಾಳಿಗೆ ಸಿಕ್ಕ ಪ್ಲಾಸ್ಟಿಕ್ ಚೀಲಗಳು.

“ಎಲ್ಲಾ ಮಾರಾಟ ಆಗೋಯ್ತಂತೆ. ಒಬ್ರೂ ವೀಡು ಕಟ್ಟಿಲ್ಲ,” ಎಂದರು ಚಿಕ್ಕಮ್ಮ. “ತಗೊಂಡೋರು ಈ ಊರೋರೇ ಅಲ್ಲ. ಒಂದ್ಸಲ ಕಾರಲ್ಲಿ ಬಂದ್ರು, ಫೋಟೋ ಹಿಡ್ಕೊಂಡು ಹೋದ್ರು.”

ಚಿಕ್ಕಮ್ಮ ತಂದಿದ್ದ ನಕ್ಷೆಯ ಪ್ರತಿಯನ್ನು ಮರದ ಕೆಳಗೆ ಬಿಡಿಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟೆವು. ಅಕ್ಷರ ತಮಿಳು; ನನಗೆ ಮಾತು ತಿಳಿಯುತ್ತದೆ, ಓದಲು ಬಾರದು. ಬಣ್ಣಗಳು ಓದಲು ಬಂದವು. ಬಾವಿ ಇದ್ದ ಹೊಲ, ತೆಂಗಿನ ತೋಟ ಎಲ್ಲ ಹಸಿರು. ಕೊರಂಗಾಡುಗಳೆಲ್ಲ ಹಳದಿ. ಚಿಕ್ಕಮ್ಮನ ಹೊಲದ ನಟ್ಟನಡುವೆ ಜೋಡಿ ಗೆರೆ ಎಳೆದಿತ್ತು. ಅದು ಮುಂದೆ ಬರಲಿರುವ ರಸ್ತೆ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಪಕ್ಕದ ಪಟ್ಟಿಯನ್ನು ಬೆರಳಿಟ್ಟು ಓದಿದರು. “ತರಿಸು ಅಂತ ಬರ್ದವ್ರೆ. ಪಾಳು. ಇದು ಪಾಳಾ?”

ಆಗ ನಾನು ಹೇಳಬೇಕಾಯಿತು. ನೌಕರಿಯ ಮೊದಲ ವರ್ಷಗಳಲ್ಲಿ ಒಂದು ಊರಿನ ನಕ್ಷೆ ನನ್ನ ಮೇಜಿಗೆ ಬಂದಿತ್ತು. ಕೆರೆಯ ಆಚೆ ದನ ಮೇಯುವ ದೊಡ್ಡ ಬಯಲು. ದಾಖಲೆಯಲ್ಲಿ ‘ಬೀಳು’ ಎಂದಿತ್ತು. ಏನೂ ಬೆಳೆಯದ ಜಾಗ, ಹಳದಿ ತುಂಬಿ ಎಂದರು ಮೇಲಿನವರು. ನಾನು ಒಂದು ಮಧ್ಯಾಹ್ನದಲ್ಲಿ ತುಂಬಿ ಮುಗಿಸಿದೆ. ಅಂಚಿನಾಚೆ ಎಲ್ಲೂ ಬಣ್ಣ ಚೆಲ್ಲಿಲ್ಲವೆಂದು ಹೊಗಳಿದರು.

ಚಿಕ್ಕಮ್ಮ ಕೇಳಿದರು, “ನೀನು ಹೋಗಿ ನೋಡ್ಲಿಲ್ವಾ?”

“ಇಲ್ಲ ಚಿಕ್ಕಮ್ಮ.”

“ಆಮೇಲೂ?”

“ಇಲ್ಲ.”

ಅವರು ಬೈಯಲಿಲ್ಲ. ಎದ್ದು ಹೋಗಿ, ಬೇಲಿಯ ಹತ್ತಿರ ಕಾಲು ಸಿಕ್ಕಿಸಿಕೊಂಡಿದ್ದ ಮರಿಯೊಂದನ್ನು ಬಿಡಿಸಿ ಬಂದರು.

ಮಧ್ಯಾಹ್ನ ರಾಗಿ ಕಳಿ, ಹುರುಳಿ ಸಾರು ಉಂಡ ಮೇಲೆ ನಾನು ಪೆನ್ಸಿಲು ತೆಗೆದುಕೊಂಡೆ. ಊರಿಗೆ ತಾಗಿದ ಅಂಚಿನಲ್ಲಿ ಒಂದು ಪಟ್ಟೆಯನ್ನಷ್ಟೇ ಹಳದಿ ಉಳಿಸಿ, ಮಿಕ್ಕದ್ದನ್ನು ಮೇವಿನ ಭೂಮಿಯೆಂದು ಹಸಿರು ಮಾಡುವುದು. ರಸ್ತೆಯನ್ನು ಈಗಾಗಲೇ ಹಾಳಾಗಿರುವ ಪಕ್ಕದ ನಿವೇಶನದೊಳಗಿಂದ ತಿರುಗಿಸುವುದು. ಪಟ್ಟೆಯಲ್ಲಿ ಸರಸುವಿಗೆ ಮನೆಯಾಗುತ್ತದೆ, ಅವಳಂಥ ಇನ್ನೂ ಹತ್ತು ಮನೆಯವರಿಗೂ ಜಾಗವಿರುತ್ತದೆ. ನಾನು ಕನ್ನಡದಲ್ಲಿ ಹೇಳಿದೆ, ಚಿಕ್ಕಮ್ಮ ತಮಿಳಿನಲ್ಲಿ ಬರೆದರು. ಫೋನಿನಲ್ಲಿ ಓದಿ ಹೇಳಿದಾಗ ಸರಸು ಪಟ್ಟೆ ಎಷ್ಟು ಅಗಲವೆಂದು ಕೇಳಿದಳು. ಆಮೇಲೆ, “ಅಷ್ಟು ಸಿಕ್ಕಿದ್ರೆ ಸಾಕವ್ವ. ನನ್ನ ಮನು ಹರಿದ್ಹಾಕ್ತೀನಿ. ನಾನೂ ಬರ್ತೀನಿ,” ಎಂದಳು.

ಮೂರನೆಯ ದಿನ ಮನು ಕೊಡುವ ಸಭೆ. ಒಂದು ಮದುವೆ ಮಂಟಪದಲ್ಲಿ ಕುರ್ಚಿ ಹಾಕಿದ್ದರು. ಬಂದವರಲ್ಲಿ ಹೆಚ್ಚಿನವರು ತಮ್ಮ ಹಸಿರನ್ನು ಹಳದಿ ಮಾಡಿ ಎಂದು ಕೇಳಲು ಬಂದವರು. ನಮ್ಮ ಸರದಿ ಬರುವಾಗ ಊಟದ ಹೊತ್ತು ಮೀರಿತ್ತು. ಅಧಿಕಾರಿ ನಡುವಯಸ್ಸಿನವರು, ಮರ್ಯಾದೆಯಿಂದ ಮಾತಾಡಿಸಿದರು. ನನ್ನ ಪೆನ್ಸಿಲಿನ ಗೆರೆಗಳನ್ನು ಗಮನವಿಟ್ಟು ನೋಡಿ, ಬರೆದವರು ಯಾರೆಂದು ಕೇಳಿದರು. ಹೇಳಿದೆ.

“ಅಮ್ಮಾ, ಹಾಗಾದರೆ ನಿಮಗೇ ಗೊತ್ತಿರಬೇಕು,” ಎಂದರು ತಮಿಳಿನಲ್ಲಿ. “ಒಂದು ಸರ್ವೆ ನಂಬರಿಗೆ ಒಂದೇ ಬಣ್ಣ. ಹೊಲ ಒಡೆದು ಬೇರೆ ಬೇರೆ ನಂಬರು ಮಾಡಿಸಿಕೊಂಡು ಬರಬೇಕಿತ್ತು. ಈಗ ಅದಕ್ಕೆ ಕಾಲವಿಲ್ಲ. ಪೂರ್ತಿ ಹಸಿರು ಕೇಳಿದರೆ ಮೇಲಕ್ಕೆ ಕಳಿಸುತ್ತೇನೆ. ಬೇಡವೆಂದರೆ ಈಗಿರುವುದೇ ಇರುತ್ತದೆ. ರಸ್ತೆಯೂ ಇರುತ್ತದೆ.”

“ಪೂರ್ತಿ ಹಸಿರು ಆದರೆ ಇವಳು ಮನೆ ಕಟ್ಟಬಹುದಾ?” ಚಿಕ್ಕಮ್ಮ ಸರಸುವಿನ ಕಡೆ ಕೈ ತೋರಿಸಿದರು.

“ಅನುಮತಿ ಸಿಗುವುದು ಕಷ್ಟ.”

ಸರಸು ನೆಲ ನೋಡುತ್ತ ನಿಂತಿದ್ದಳು. “ಪಚ್ಚೇನೇ ಕೇಳವ್ವ. ನಾವು ಹೇಗೋ ಇರ್ತೀವಿ,” ಎಂದು ಕನ್ನಡದಲ್ಲಿ ಪಿಸುಗುಟ್ಟಿದಳು. ಚಿಕ್ಕಮ್ಮ ಅವಳನ್ನೇ ನೋಡಿದರು. ಹಿಂದಿನ ಸಾಲಿನವರು ಬೇಗ ಎನ್ನುತ್ತಿದ್ದರು. ಚಿಕ್ಕಮ್ಮ ಮೇಜಿನ ಮೇಲಿದ್ದ ಮನುವನ್ನು ವಾಪಸು ತೆಗೆದುಕೊಂಡು, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಮಂಜಳೇ ಇರಟ್ಟುಂ ಸಾರ್,” ಎಂದರು. ಹಳದಿಯೇ ಇರಲಿ.

ಹೊರಗೆ ಬಂದು ಟೀ ಅಂಗಡಿಯ ಬೆಂಚಿನ ಮೇಲೆ ಮೂವರೂ ಕುಳಿತೆವು. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ. ಒಂದು ವಾರ ಮುಂಚೆ ನಕ್ಷೆ ನೋಡಿದ್ದರೆ ಹೊಲ ಒಡೆಸುವ ಅರ್ಜಿಯನ್ನಾದರೂ ಹಾಕಬಹುದಿತ್ತು ಎಂಬುದು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಒಂದು ನಂಬರಿಗೆ ಒಂದೇ ಬಣ್ಣ ಎಂಬ ಆ ನಿಯಮದ ಪ್ರಕಾರವೇ ಎಷ್ಟೋ ವರ್ಷ ಬಣ್ಣ ತುಂಬಿದ್ದೆ. ಪೆನ್ಸಿಲು ಹಿಡಿದಾಗ ಅದು ನೆನಪಿಗೇ ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಹೊರಟೆ. ಬಸ್ಸು ನಿಲ್ಲುವುದು ಕೊರಂಗಾಡಿನ ಮೂಲೆಯಲ್ಲೇ. ಕಳಿಸಿಕೊಡಲು ಬಂದ ಚಿಕ್ಕಮ್ಮ, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು, ಹಿಂದಿನ ಸಂಜೆ ನಮ್ಮೊಂದಿಗೇ ಊರಿಗೆ ಬಂದಿದ್ದ ಸರಸುವನ್ನು ಬೇಲಿಯೊಳಗೆ ಕರೆದರು. ಸರಸು ಹೆಜ್ಜೆಯಲ್ಲಿ ಅಳೆಯುತ್ತ ಹೋದಳು. ಇಲ್ಲಿ ಅಡುಗೆಮನೆ, ಇಲ್ಲಿ ಹುಡುಗಿಯರ ಕೋಣೆ. ಬಿಳಿಜಾಲಿ ಮರವೊಂದರ ಹತ್ತಿರ ನಿಂತು, “ಇದು ಹಿಂಗೇ ಇರ್ಲಿ ಅವ್ವ. ಬಾಗ್ಲಿಗೆ ನೆರಳಾಗ್ತದೆ,” ಎಂದಳು.

ಚಿಕ್ಕಮ್ಮ ಮರದ ಬುಡವನ್ನು ಕಾಲಿನಿಂದ ಒಂದೆರಡು ಸಲ ಒತ್ತಿ ನೋಡಿದರು. ಒಣ ಕಾಯಿಗಳು ಉದುರಿದ್ದವು, ಕುರಿಗಳು ಅವನ್ನು ಆರಿಸಿ ತಿನ್ನುತ್ತಿದ್ದವು.

“ಬ್ಯಾಡ,” ಎಂದರು. “ಬೇರು ಗೋಡೆ ಒಡೀತದೆ. ಕಡಿದ್ಬಿಡಿ.”

ಆಗ ಬಸ್ಸು ಬಂತು. ಹತ್ತಿ ಹಿಂದಿನ ಗಾಜಿನಲ್ಲಿ ನೋಡಿದೆ. ಅವರಿಬ್ಬರೂ ನನ್ನ ಕಡೆ ತಿರುಗಿರಲಿಲ್ಲ. ಮನೆಯ ಮೂಲೆಗೆ ಗುರುತಿಡಲು ಹುಲ್ಲಿನಲ್ಲಿ ಬಗ್ಗಿ ಕಲ್ಲು ಹುಡುಕುತ್ತಿದ್ದರು.