ಬರ್ರಿ ಅಂದ ಮಾತು

ರೋಗಿಯ ಮನೆಗೆ ಬಂದರೆ ಸುಗುಣಾ ಸಿಸ್ಟರ್ ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ. ನೇರವಾಗಿ ಹೋಗಿ ಹಾಸಿಗೆಯ ಅಂಚಿನಲ್ಲಿ, ಮಲಗಿದವರ ಕಾಲಿಗೆ ತಮ್ಮ ಸೀರೆ ತಾಗುವಷ್ಟು ಹತ್ತಿರ ಕೂರುತ್ತಿದ್ದರು. ಧಾರವಾಡದ ಕಡೆಯವರು, ನಮ್ಮ ಕನ್ನಡ ಕ್ರೈಸ್ತ ಸಭೆಯ ಸೇವಕಿ. ಮದುವೆಯಾಗಿರಲಿಲ್ಲ. ಮುಂಬಯಿಯ ದಾದರಿನ ಒಂದು ಖೋಲಿಯಲ್ಲಿದ್ದುಕೊಂಡು, ಲೋಕಲ್ ರೈಲು ಹತ್ತಿ ಇಳಿದು ಮನೆಮನೆಯ ರೋಗಿಗಳನ್ನು ನೋಡುವುದೇ ಅವರ ಕೆಲಸ.

"ದೂರ ನಿಂತು ಪ್ರಾರ್ಥನಾ ಮಾಡಿದ್ರ ದೇವರಿಗೆ ಕೇಳಸ್ತೈತಿ, ಮಲಗಿದವರಿಗೆ ಕೇಳಸಂಗಿಲ್ಲ" ಎನ್ನುತ್ತಿದ್ದರು.

ಹಾಗಂತ ಹುಂಬರಲ್ಲ. ಸಾಂತಾಕ್ರೂಜಿನ ನಮ್ಮ ಚಾಳಿನಲ್ಲಿ ವಿಜಾಪುರದ ಟೇಲರ್ ಒಬ್ಬರಿಗೆ ಟಿಬಿ ಆಗಿತ್ತು. ಒಡಹುಟ್ಟಿದ ತಮ್ಮನೇ ಊಟದ ಡಬ್ಬಿಯನ್ನು ಹೊರಗಿಟ್ಟು ಓಡುತ್ತಿದ್ದ. ಸಿಸ್ಟರ್ ಬಂದವರೇ ಮೊದಲು ಕಿಟಕಿ ತೆಗೆಸಿದರು, ಮೂಗಿಗೆ ಬಟ್ಟೆ ಕಟ್ಟಿಕೊಂಡರು, ಆಮೇಲೆ ಆತನ ಉಗುರು ಕತ್ತರಿಸುತ್ತ ಕೂತರು. ಯೇಸುವಿನ ಹೆಸರೆತ್ತಲಿಲ್ಲ, ಆತನ ಅಂಗಡಿ, ಆತನ ಮಷಿನ್ನಿನ ಮಾತೇ ಆಡಿದರು. ನಳದ ಹತ್ತಿರ ಮೊಣಕೈತನಕ ಸಾಬೂನು ಉಜ್ಜಿಕೊಳ್ಳುತ್ತಿದ್ದಾಗ, ಇಷ್ಟು ಹೆದರಿಕೆ ಇದ್ದ ಮೇಲೆ ಯಾಕೆ ಬರುತ್ತೀರಿ ಎಂದು ನಾನು ಕೆಣಕಿದೆ.

"ನಾ ಸಾಯಾಕ ಬಂದಿಲ್ಲವ್ವಾ, ಕುಂದ್ರಾಕ ಬಂದೀನಿ" ಎಂದು ನಕ್ಕರು.

ಲಾಕ್‌ಡೌನಿನಲ್ಲಿ ನನ್ನ ಮಗನನ್ನು ಕೋವಿಡ್ ಸೆಂಟರಿಗೆ ಒಯ್ದರು. ಏಳು ತಿಂಗಳ ಬಸುರಿ ಸೊಸೆಗೂ ಜ್ವರ ಬಂತು. ಬೆಡ್ ಇಲ್ಲ, ಮನೆಯಲ್ಲೇ ಇರಿ ಎಂದರು. ಅವಳ ತವರು ಬೆಳಗಾವಿ; ಬರಲು ಯಾರಿಗೂ ರೈಲಿಲ್ಲ. ಮೂರು ದಿನ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದಳು, ಅನ್ನ ಮುಟ್ಟಲಿಲ್ಲ. ಎರಡು ಜೀವ ಕಣ್ಣೆದುರೇ ಹೋಗುತ್ತಿವೆ ಅನ್ನಿಸಿ ಸಿಸ್ಟರಿಗೆ ಫೋನ್ ಮಾಡಿದೆ.

ಅವರಿಗೆ ದಮ್ಮು, ಸಕ್ಕರೆ ಕಾಯಿಲೆ ಎರಡೂ ಇದ್ದವು. ಹೊರಗೆ ಕಾಲಿಡಬೇಡಿ, ಫೋನಿನಲ್ಲೇ ಪ್ರಾರ್ಥಿಸಿ ಎಂದು ಸಭೆಯ ಹಿರಿಯರು ಕಟ್ಟುನಿಟ್ಟು ಮಾಡಿದ್ದರು. ಸಿಸ್ಟರ್ ಹಾಗೆಯೇ ಪ್ರಾರ್ಥಿಸಿದರು. ಕೊನೆಗೆ "ಬರ್ತೇನವ್ವಾ" ಎಂದರು. ನಾನು "ಬರ್ರಿ" ಅಂದೆ. ನಮ್ಮ ಕಡೆ ಹೊರಟವರು ಹೋಗುತ್ತೇನೆ ಅನ್ನುವುದಿಲ್ಲ, ಬರ್ತೇನೆ ಅನ್ನುತ್ತಾರೆ. ಉಳಿದವರು ಬರ್ರಿ ಅನ್ನುತ್ತಾರೆ. ಮರುದಿನ ಬೆಳಿಗ್ಗೆ ತರಕಾರಿ ಟೆಂಪೋ ಹತ್ತಿ ಸಿಸ್ಟರ್ ಬಂದೇಬಿಟ್ಟರು.

ಸಂಜೆಯತನಕ ಸೊಸೆಯ ಪಕ್ಕ ಕೂತು, ಬೆನ್ನು ತಿಕ್ಕಿ, ಬೈದು, ಗಂಜಿ ಕುಡಿಸಿ ಅವಳನ್ನು ಎಬ್ಬಿಸಿ ಕೂರಿಸಿದರು. ಎಂಟು ದಿನಕ್ಕೆ ಅವರೇ ಆಸ್ಪತ್ರೆ ಸೇರಿದರು. ಒಳಗೆ ಯಾರನ್ನೂ ಬಿಡಲಿಲ್ಲ. ಅವರು ಮರಳಲಿಲ್ಲ.

ಮಗ ವಾಸಿಯಾಗಿ ಮನೆಗೆ ಬಂದ. ಮೊಮ್ಮಗಳಿಗೆ ಈಗ ಐದು ದಾಟಿದೆ. ಈ ಸಂತೋಷವನ್ನು ಎಲ್ಲಿಡಲಿ? ಸ್ಟೇಷನ್ನಿನಲ್ಲಿ ಸಿಕ್ಕ ಗುರುತಿಲ್ಲದವರಿಗೂ ಅವಳ ಹಲ್ಲು ಬಿದ್ದ ಸುದ್ದಿ ಹೇಳುತ್ತೇನೆ. ಮೊನ್ನೆ ಸಭೆಯ ಹಳೇ ಫೋಟೋ ಹಿಡಿದು, "ಅಜ್ಜಿ, ಈ ಆಂಟಿ ಕೌನ್? ನಮ್ಮ ಮನಿಗೆ ಕ್ಯೂಂ ಬರಲ್ಲ?" ಎಂದಳು. ಅವಳನ್ನು ಎತ್ತಿ ಮುದ್ದಿಟ್ಟೆ. ಮುದ್ದಿಡುವಾಗೆಲ್ಲ ಸಿಸ್ಟರ್ ಪಕ್ಕದಲ್ಲೇ ಇದ್ದಂತಾಗುತ್ತದೆ, ತಿರುಗಿ ನೋಡಲು ಧೈರ್ಯ ಬರುವುದಿಲ್ಲ.

ನಾನು ರೂಢಿಗೆ ಬರ್ರಿ ಅಂದೆ, ಪಾಪ ಅವರು ಕರೆದೆನೆಂದು ತಿಳಿದರು ಅಂತ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅದು ನಿಜವಲ್ಲ. ಆ ಬೆಳಿಗ್ಗೆ ಅವರು ಹೊಸ್ತಿಲಾಚೆಯೇ ನಿಂತು ಕೇಳಿದ್ದರು.

"ನಿನ್ನಿ ನೀ ಬರ್ರಿ ಅಂದಿದ್ದು ರೂಢಿ ಮಾತು ಅಂತ ಗೊತ್ತೈತವ್ವಾ. ನನ್ನ ಜೀವದ ವಿಚಾರ ನಾ ಮಾಡೀನಿ. ಈಗ ನೀ ಹೇಳು, ಒಳಗ ಬರ್ಲೋ, ಹೊಳ್ಳಿ ಹೋಗ್ಲೋ?"

ಒಳಗೆ ಸೊಸೆ ಕೆಮ್ಮಿದಳು. ಬಾಗಿಲಿಗೆ ಅಡ್ಡ ನಿಂತಿದ್ದ ನಾನು ಪಕ್ಕಕ್ಕೆ ಸರಿದೆ.