ಕುಡಿತ ಬಿಡಲೂ ಪರ ಊರೇ?

ಸವಣೂರಿನ ಆ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ತಲೆ ಎತ್ತಿದೆ. ಎದುರಿನ ಕುರ್ಚಿಯಲ್ಲಿ ನಮ್ಮ ಅಕ್ಕಿಆಲೂರಿನ, ನಮ್ಮದೇ ಓಣಿಯ, ನಮ್ಮ ಮನೆಯಿಂದ ಮೂರನೇ ಮನೆಯ ಮಾಸ್ತರರು ಕುಳಿತಿದ್ದರು!

ರಿಟೈರ್ಡ್ ಮಾಸ್ತರರು. ನನ್ನ ಮಗಳಿಗೆ ಗಣಿತ ಕಲಿಸಿದವರು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರಿಗೂ ಓಡಿಹೋಗಬೇಕೆನ್ನಿಸಿತು. ಆದರೆ ಬಾಗಿಲು ಒಂದೇ, ಅದರಲ್ಲಿ ನಾನೇ ನಿಂತಿದ್ದೆ.

ಅದು ಕುಡಿತ ಬಿಟ್ಟವರ, ಬಿಡಬೇಕೆಂದವರ ಮೀಟಿಂಗು. ಹೌದು, ನಾನು ಕುಡುಕ. ವಾರವಾರ ಈ ಜಾಗದಲ್ಲಿ ನಿಮಗೆ ಬುದ್ಧಿ ಹೇಳುತ್ತಿದ್ದವನು ಸಂಜೆಯಾದರೆ ಏನು ಮಾಡುತ್ತಿದ್ದ ಎಂಬುದು ನಮ್ಮೂರಿಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ ಅಷ್ಟೇ. (ಸಿಟ್ಟು ಬಂದರೆ ಬರಲಿ. ನನಗೂ ನನ್ನ ಮೇಲೆ ಬಂದಿದೆ.)

ಕೆಲವು ತಿಂಗಳ ಹಿಂದೆ ಡಾಕ್ಟರು ನನ್ನ ಲಿವರ್ ರಿಪೋರ್ಟನ್ನು ಎರಡು ಸಲ ಓದಿ, "ಇನ್ನ ಕುಡಿದ್ರ ನನ್ನ ಹತ್ರ ಬರಬ್ಯಾಡ್ರಿ, ಬಂದ್ರೂ ಉಪಯೋಗಿಲ್ಲ" ಎಂದರು. ಒಬ್ಬನೇ ಬಿಡಲು ನೋಡಿದೆ. ಆಗಲಿಲ್ಲ. ಇಂಥ ಗುಂಪು ಎಲ್ಲಿದೆಯೆಂದು ಮೊಬೈಲಿನಲ್ಲಿ ಹುಡುಕಿದರೆ ಬರೀ ಬೆಂಗಳೂರಿನ ವಿಳಾಸ. ಕೊನೆಗೆ ಆಸ್ಪತ್ರೆಯ ಕೌನ್ಸೆಲರ್ ಮೇಡಂ ಚೀಟಿಯಲ್ಲಿ ಮೂರು ಊರು ಬರೆದುಕೊಟ್ಟರು: ಶಿಗ್ಗಾಂವಿ, ಸವಣೂರು, ಹಿರೇಕೆರೂರು.

"ನಮ್ಮ ಹಾನಗಲ್ ತಾಲೂಕಿನಾಗ ಇಲ್ಲೇನ್ರಿ?"

"ಯಾರಾರ ಶುರು ಮಾಡಿದ್ರ ಇರ್ತೈತ್ರಿ" ಎಂದರು.

ಬೇಜಾರೇನೂ ಆಗಲಿಲ್ಲ. ಒಳಗೊಳಗೇ ಖುಷಿ. ಪರ ಊರಾದರೆ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ? ಗುರುತಿನವರು ಒಬ್ಬರೂ ಇಲ್ಲದ ಸವಣೂರನ್ನು ಆರಿಸಿಕೊಂಡೆ. ಪೇಪರ್ ಬಂಡಲ್ ತರಲು ಹೊರಟಿದ್ದೇನೆ ಎಂದು ಪಕ್ಕದ ಅಂಗಡಿಯವರಿಗೆ ಸುಳ್ಳು ಹೇಳಿ (ನನ್ನದು ಜೆರಾಕ್ಸ್ ಅಂಗಡಿ) ಬಂಕಾಪುರದ ಮೇಲೆ ಬಸ್ಸು ಬದಲಿಸುತ್ತ ಹೋದೆ. ಮಾಸ್ತರರು ಹಾವೇರಿಯ ಮೇಲೆ ಬಂದಿದ್ದರು. ಅವರದು ಹಲ್ಲು ತೋರಿಸುವ ನೆಪ. ಅರ್ಧ ವರ್ಷದಿಂದ ಹಲ್ಲು ತೋರಿಸುತ್ತಿದ್ದಾರೆ, ಓಣಿಯವರೆಲ್ಲ ಪಾಪ ಪಾಪ ಎನ್ನುತ್ತಿದ್ದೆವು.

ಗುಂಪು ನಡೆಸುವವರು ಒಬ್ಬ ವೀಳ್ಯದೆಲೆ ವ್ಯಾಪಾರಿ. ಖಾದರಸಾಬರು ಎಂದಿಟ್ಟುಕೊಳ್ಳಿ. (ಅಲ್ಲಿನ ಹೆಸರು ಹೊರಗೆ ಹೇಳುವುದಿಲ್ಲ. ಮಾಸ್ತರರ ವಿಷಯ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.) ನಮ್ಮಿಬ್ಬರ ಮುಖ ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು.

"ಒಂದ ಊರಿನವರೇನ್ರಿ? ಕುಂದರ್ರಿ, ಕುಂದರ್ರಿ. ಇಲ್ಲಿ ಸವಣೂರಿನಾಂವ ಅಂದ್ರ ನಾನೊಬ್ಬನ ಅದೇನಿ. ನಮ್ಮವರೆಲ್ಲ ಶಿಗ್ಗಾಂವಿಗೆ ಹೋಗ್ತಾರ. ಶಿಗ್ಗಾಂವಿಯವರು ಹಿರೇಕೆರೂರಿಗೆ."

ನಕ್ಕೆವು. ನಕ್ಕ ಮೇಲೆ ಮಾತಾಡುವುದು ಸುಲಭವಾಯಿತು.

ಅದಾಗಿ ಹದಿನಾರನೇ ದಿನ, ಗುರುವಾರ ಮಧ್ಯಾಹ್ನ. ಅಂಗಡಿಯಲ್ಲಿ ಗಿರಾಕಿಗಳಿಲ್ಲ. ಬಾಯಿ ಒಣಗಿತು. ಬೇಕು ಎಂದರೆ ಬೇಕು, ಈಗಲೇ ಬೇಕು ಅನ್ನಿಸಿತು. ಸವಣೂರಿನ ಮೀಟಿಂಗಿಗೆ ಇನ್ನೂ ಐದು ದಿನ. ಬಾರಿಗೆ ಐದು ನಿಮಿಷ. ಶಟರ್ ಎಳೆದು ಬೀಗ ಹಾಕಿದೆ. ಎಂಟು ಹೆಜ್ಜೆ ಹೋದೆ ಕೂಡ. ಆಮೇಲೆ ಏನನ್ನಿಸಿತೋ, ಮಾಸ್ತರರಿಗೆ ಫೋನ್ ಹಚ್ಚಿದೆ.

ಬನಿಯನ್ ಮೇಲೆ ಟವೆಲ್ ಹೊದ್ದುಕೊಂಡೇ ಬಂದರು. ಊಟ ಅರ್ಧಕ್ಕೆ ಬಿಟ್ಟು ಎದ್ದಿದ್ದರು. "ಬೀಗ ತೆಗೀರಿ. ಚಾ ತರಸ್ರಿ" ಎಂದರು. ಉಪದೇಶ ಮಾಡಲಿಲ್ಲ. ಎರಡು ತಾಸು ಪಕ್ಕದಲ್ಲಿ ಸುಮ್ಮನೆ ಕುಳಿತರು. ಆ ಹೊತ್ತು ಕಳೆಯಿತು. ಅವತ್ತು ನಾನು ಕುಡಿಯಲಿಲ್ಲ.

ಸವಣೂರಿನ ಗುಂಪು ಎಷ್ಟೇ ಒಳ್ಳೆಯದಿರಲಿ, ಗುರುವಾರ ಮಧ್ಯಾಹ್ನ ಅದು ನನ್ನ ಅಂಗಡಿಗೆ ಬರುತ್ತದೆಯೇ? ಬಂದವರು ಮೂರನೇ ಮನೆಯವರು. ಯಾರ ಕಣ್ಣು ತಪ್ಪಿಸಲು ಅಷ್ಟು ದೂರ ಹೋಗಿದ್ದೆನೋ ಅವರೇ.

"ನಮ್ಮೂರಾಗ ಶುರು ಮಾಡೋಣ್ರಿ" ಎಂದೆ.

"ಮಂದಿ ಏನಂದಾರು?" ಎಂದರು ಮಾಸ್ತರರು.

ಅದೇ ಅಂಜಿಕೆ ನನಗೂ ಇತ್ತು. ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳಿಕೊಂಡೆ. ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ನೀವು ಗಟಾರದಾಗ ಬಿದ್ದಾಗ ಊರ ಮಂದಿ ಎಲ್ಲಾ ನಿಂತು ನೋಡ್ಯಾರ. ಈಗ ಎದ್ದು ಕುರ್ಚಿ ಮ್ಯಾಲ ಕುಂತಿದ್ದೂ ನೋಡ್ಲಿ ಬಿಡ್ರಿ."

ಆ ಮಾತನ್ನೇ ಮಾಸ್ತರರಿಗೆ ಹೇಳಿದೆ, ಅವರೂ ಹೂಂ ಎಂದರು.

ನನ್ನದೇ ಮಷೀನಿನಲ್ಲಿ ನೋಟಿಸು ತೆಗೆದೆ. ಕುಡಿತ ಬಿಡಬೇಕೆನ್ನುವವರು ಪ್ರತಿ ಶನಿವಾರ ಸಂಜೆ ಐದಕ್ಕೆ ನನ್ನ ಅಂಗಡಿಗೆ ಬರಬಹುದು. ಕೊನೆಯಲ್ಲಿ 'ಸಂಪರ್ಕಿಸಿ' ಎಂದು ಬರೆದು ಕೈ ನಿಂತಿತು. ಯಾರನ್ನು? ಆಮೇಲೆ ನನ್ನ ಪೂರ್ತಿ ಹೆಸರನ್ನೇ ದಪ್ಪ ಅಕ್ಷರದಲ್ಲಿ ಹಾಕಿದೆ. ಬಸ್‌ಸ್ಟ್ಯಾಂಡಿಗೆ ಒಂದು, ಕಿರಾಣಿ ಅಂಗಡಿಗೆ ಒಂದು, ಬಾರಿನ ಎದುರಿನ ಕಂಬಕ್ಕೆ ಎರಡು ಅಂಟಿಸಿದೆ.

ಮೊನ್ನೆ ಮೊದಲ ಮೀಟಿಂಗು. ಅಂಗಡಿಯಲ್ಲಿ ಆರು ಕುರ್ಚಿ ಹಾಕಿ, ಶಟರ್ ಪೂರ್ತಿ ತೆರೆದು ಕುಳಿತೆವು. ಐದೂವರೆಯಾದರೂ ನಾನು, ಮಾಸ್ತರರು ಇಬ್ಬರೇ. ದಾರಿಯಲ್ಲಿ ಹೋಗುವವರು ಇಣುಕಿದರು. ಒಬ್ಬಿಬ್ಬರು ನಕ್ಕರು. ನಗಲಿ. ಒಬ್ಬರೂ ಬಾರದಿದ್ದರೂ ಪ್ರತಿ ಶನಿವಾರ ಇಬ್ಬರೇ ಕೂರುವುದು ಎಂದು ಮಾತಾಡಿಕೊಂಡೆವು.

ಆರು ಗಂಟೆಗೆ ಒಬ್ಬರು ಬಂದರು. ಕೈಯಲ್ಲಿ ರೇಷನ್ ಕಾರ್ಡು. "ಒಂದ ಕಾಪಿ ತೆಗೀರಿ." ತೆಗೆದುಕೊಟ್ಟೆ. ಹೋಗಲಿಲ್ಲ. "ಇನ್ನೊಂದ ಇರ್ಲಿ." ತೆಗೆದೆ. ಕುರ್ಚಿಗಳತ್ತ ನೋಡಿದರು. "ಮತ್ತೊಂದ..." ಎನ್ನುವಷ್ಟರಲ್ಲಿ ಮಾಸ್ತರರು ಪಕ್ಕದ ಕುರ್ಚಿ ಸರಿಸಿ, "ಬರ್ರಿ" ಎಂದರು. ಬಂದವರು ಕಾಪಿಗಳನ್ನು ಮಡಚಿ ಜೇಬಿಗಿಟ್ಟು ಕುಳಿತರು. ಏಳೂವರೆಯವರೆಗೂ ಏಳಲಿಲ್ಲ.

ಅವರು ಈ ಅಂಕಣ ಓದುತ್ತಾರಂತೆ. ಅವರಿಗೂ, ಮನಸ್ಸಿದ್ದೂ ಒಳಗೆ ಬರಲು ನೆಪ ಹುಡುಕುತ್ತಿರುವ ಎಲ್ಲರಿಗೂ ಹೇಳುತ್ತೇನೆ: ಈ ಶನಿವಾರ ಬರುವಾಗ ರೇಷನ್ ಕಾರ್ಡು ತರಬೇಕಾಗಿಲ್ಲ.